ಯಾವ ಹಗುರ ಲ್ಯಾಪ್‌ಟಾಪ್ ನಾಲ್ಕನೇ ಮಳೆಗಾಲ ದಾಟುತ್ತದೆ?

ಅಂಗಡಿಯಲ್ಲಿ ನೋಡುವಾಗ ಎಲ್ಲ ಹಗುರ ಲ್ಯಾಪ್‌ಟಾಪ್‌ಗಳೂ ಚೆಂದವೇ. ಒಂದೂಕಾಲು ಕೆಜಿ ತೂಕ, ಇಡೀ ದಿನ ಬರುವ ಬ್ಯಾಟರಿ, ಪಳಪಳ ಹೊಳೆಯುವ ಪರದೆ. ವಿಡಿಯೊ ವಿಮರ್ಶೆ ಮಾಡುವವರೂ ಇದನ್ನೇ ಹೊಗಳುತ್ತಾರೆ. ಅವರು ಹೆಚ್ಚೆಂದರೆ ಕೆಲವು ವಾರ ಬಳಸಿ ವಾಪಸ್ ಕೊಡುವವರು. ನಾವು ನಾಲ್ಕೈದು ವರ್ಷ ಅದರ ಜೊತೆ ಬಾಳಬೇಕು. ಅದೂ ಎಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗದ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಉತ್ತರ ಕನ್ನಡದಲ್ಲಿ.

ಹಾಗಾಗಿ ಇಲ್ಲಿ ವೇಗದ ಅಂಕಪಟ್ಟಿ ಇಲ್ಲ. ಎಕ್ಸೆಲ್, ಬ್ರೌಸರ್, ವಿಡಿಯೊ ಮೀಟಿಂಗ್, ಒಂದಿಷ್ಟು ಕೋಡಿಂಗ್ ಮಾಡುವವರಿಗೆ ಈಗಿನ ಯಾವ ಒಳ್ಳೆಯ ಪ್ರೊಸೆಸರ್ ಆದರೂ ಸಾಕು. ಕೇಳಬೇಕಾದ್ದು ಬೇರೆ: ನಾಲ್ಕನೇ ಮಳೆಗಾಲದಲ್ಲಿ ಇದರ ಯಾವ ಭಾಗ ಮೊದಲು ಸೋಲುತ್ತದೆ? ಆ ಭಾಗವನ್ನು ನಮ್ಮ ಊರಲ್ಲೇ ಬದಲಾಯಿಸಬಹುದಾ, ಅಥವಾ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಿ ಕಾಯಬೇಕಾ? ಈ ಎರಡು ಪ್ರಶ್ನೆಯಿಟ್ಟು ನೋಡಿದರೆ ಆಯ್ಕೆಗಳ ಸಾಲು ಬೇರೆಯದೇ ಆಗುತ್ತದೆ.

ಘಟ್ಟದ ಕೆಳಗೆ ಉಪ್ಪು, ಘಟ್ಟದ ಮೇಲೆ ಥಂಡಿ

ಮೊದಲು ನಿಮ್ಮ ಮನೆ ಎಲ್ಲಿದೆ ಎಂದು ನೋಡಿಕೊಳ್ಳಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ, ಅದರಲ್ಲೂ ಕಡಲಿಗೆ ಹತ್ತಿರದ ಮನೆಗಳಲ್ಲಿ, ಮುಖ್ಯ ವೈರಿ ಉಪ್ಪುಗಾಳಿ. ಕಿಟಕಿಯ ಸರಳು, ಬೈಕಿನ ಚೈನು, ಬಾಗಿಲ ಚಿಲಕ ಬೇಗ ತುಕ್ಕು ಹಿಡಿಯುವುದಕ್ಕೆ ಕಾರಣವಾದ ಅದೇ ಗಾಳಿ ಲ್ಯಾಪ್‌ಟಾಪಿನ ಒಳಗೂ ಹೋಗುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒದ್ದೆಯಾದ ಉಪ್ಪಿನಲ್ಲಿ ಕರೆಂಟ್ ಹರಿಯುತ್ತದೆ. ಎರಡೂ ಸೇರಿ ಸರ್ಕ್ಯೂಟಿನ ಸಣ್ಣ ಬೆಸುಗೆಗಳನ್ನು, ಪೋರ್ಟಿನ ಪಿನ್‌ಗಳನ್ನು ನಿಧಾನಕ್ಕೆ ತಿನ್ನುತ್ತವೆ. ಮಾರ್ಚ್‌ನಿಂದ ಮೇವರೆಗಿನ ಸೆಕೆ ಬೇರೆ. ಬಿಸಿಯಲ್ಲಿ, ನೂರಕ್ಕೆ ನೂರು ತುಂಬಿಸಿಯೇ ಇಟ್ಟ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪಿನ ಕಾಟ ಇಲ್ಲ, ಸೆಕೆಯೂ ಕಡಿಮೆ. ಬ್ಯಾಟರಿಗೆ ಅದು ಒಳ್ಳೆಯದೇ. ಆದರೆ ತೋಟದ ನಡುವಿನ ಮನೆಗಳಲ್ಲಿ ಬಿಸಿಲು ಬೀಳದೆ ತಿಂಗಳುಗಟ್ಟಲೆ ಥಂಡಿ ಹಾಗೇ ಉಳಿಯುತ್ತದೆ. ಮೆತ್ತಿನ ಮೇಲೆ ಬ್ಯಾಗಿನಲ್ಲೇ ಬಿಟ್ಟ ಲ್ಯಾಪ್‌ಟಾಪಿನ ಕೀಗಳ ಸಂದಿಗೆ, ರಬ್ಬರ್ ಕಾಲಿಗೆ ಬೂಷ್ಟು ಬರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಇರುವೆಗಳು ಗಾಳಿಕಿಂಡಿಯೊಳಗೆ ಗೂಡು ಮಾಡುತ್ತವೆ. ಇದು ನಗುವ ವಿಷಯವಲ್ಲ, ಇಲ್ಲಿನ ರಿಪೇರಿ ಅಂಗಡಿಯವರನ್ನು ಕೇಳಿ ನೋಡಿ. ಮತ್ತೆ ಏಪ್ರಿಲ್-ಮೇ, ಅಕ್ಟೋಬರ್ ತಿಂಗಳ ಗುಡುಗು ಸಿಡಿಲು. ಆಗ ಚಾರ್ಜರ್ ಕಿತ್ತಿಡುವ ರೂಢಿ ಮನೆಯ ಎಲ್ಲರಿಗೂ ಇರಬೇಕು.

ಒಂದು ಮಾತು ಎರಡೂ ಕಡೆಗೆ ಸರಿ. ದಿನಾ ಬಳಸುವ ಯಂತ್ರ ಬಾಳಿಕೆ ಬರುತ್ತದೆ. ಓಡುವ ಲ್ಯಾಪ್‌ಟಾಪ್ ತನ್ನ ಬಿಸಿಗೆ ತಾನೇ ಒಣಗುತ್ತದೆ. ಮುಚ್ಚಿಟ್ಟದ್ದೇ ಹಾಳಾಗುವುದು ಜಾಸ್ತಿ.

ಮ್ಯಾಕ್‌ಬುಕ್ ಏರ್: ಫ್ಯಾನ್ ಇಲ್ಲದ್ದೇ ಇದರ ದೊಡ್ಡ ಗುಣ

2020ರ ನವೆಂಬರ್‌ನಲ್ಲಿ ಆ್ಯಪಲ್‌ನದೇ ಎಂ1 ಚಿಪ್‌ನ ಏರ್ ಬಂದಾಗಿನಿಂದ ಈ ಸಾಲಿನಲ್ಲಿ ಫ್ಯಾನ್ ಇಲ್ಲ. ಎಂ1 ತೂಕ 1.29 ಕೆಜಿ, 2022ರ ಎಂ2 ಬಂದ ಮೇಲೆ 13 ಇಂಚಿನದು 1.24 ಕೆಜಿ. ಫ್ಯಾನ್ ಇಲ್ಲದಿದ್ದರೆ ಸದ್ದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಡಲಬದಿಯವರಿಗೆ ಲಾಭ ಇನ್ನೊಂದಿದೆ. ಫ್ಯಾನ್ ಇರುವ ಯಂತ್ರ ಹೊರಗಿನ ಗಾಳಿಯನ್ನು ಎಳೆದು ಮದರ್‌ಬೋರ್ಡಿನ ಮೇಲೆ ಹಾಯಿಸುತ್ತದೆ. ಕಾರವಾರದಲ್ಲಿ ಆ ಗಾಳಿಯ ಜೊತೆ ಉಪ್ಪು, ಧೂಳು, ತೇವ ಮೂರೂ ಬರುತ್ತವೆ. ಏರ್‌ನಲ್ಲಿ ಆ ಎಳೆತವೇ ಇಲ್ಲ. ತೇವ ಒಳಗೆ ಹೋಗುವುದೇ ಇಲ್ಲ ಎಂದಲ್ಲ, ಹೋಗುವುದು ಕಡಿಮೆ. ಫ್ಯಾನ್ ಕೆಡುವುದು, ಅದರಲ್ಲಿ ಧೂಳು ಕಟ್ಟುವುದು, ಅದಕ್ಕೆ ಬಿಸಿಯಾಗುವುದು ಎಂಬ ಇಡೀ ಅಧ್ಯಾಯವೇ ಇಲ್ಲಿಲ್ಲ.

ಬ್ಯಾಟರಿ ಬಾಳಿಕೆಯೂ ಒಳ್ಳೆಯದೇ. ಒಂದು ಸಾವಿರ ಸೈಕಲ್ (ಒಂದು ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್) ಆಗುವವರೆಗೆ ಮೂಲ ಸಾಮರ್ಥ್ಯದ ಶೇ 80 ಉಳಿಯುವಂತೆ ರೂಪಿಸಿದ್ದೇವೆ ಎಂದು ಆ್ಯಪಲ್ ಹೇಳುತ್ತದೆ. ಚಿಪ್ ಕರೆಂಟ್ ತಿನ್ನುವುದು ಕಡಿಮೆ, ಹಾಗಾಗಿ ಸೈಕಲ್ ಕೂಡ ನಿಧಾನಕ್ಕೆ ಏರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಹೋದ ಕರೆಂಟ್ ಸಂಜೆ ಬರುವ ಹಳ್ಳಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಇನ್ನೊಂದು ಮಗ್ಗುಲು. ಏರ್ ಕೆಡುವುದು ಅಪರೂಪ, ಕೆಟ್ಟರೆ ಪೂರ್ತಿ ಕೆಡುತ್ತದೆ. ರ‍್ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೇ ಅಂಟಿಕೊಂಡಿವೆ. ಒಂದು ಕಡೆ ತುಕ್ಕು ಹಿಡಿದು ಬೋರ್ಡ್ ಸತ್ತರೆ ಕಂಪನಿಯ ಸೆಂಟರ್‌ನವರು ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ. ವಾರಂಟಿ ಮುಗಿದಿದ್ದರೆ ಆ ಬಿಲ್ ನೋಡಿ ಹೊಸದನ್ನೇ ಕೊಳ್ಳುವುದು ವಾಸಿ ಅನಿಸುತ್ತದೆ. ಒಳಗೆ ನೀರು ಹೋದ ಗುರುತಿದ್ದರೆ ವಾರಂಟಿಯೂ ಕೈಕೊಡುತ್ತದೆ. ನಿಮ್ಮ ಫೈಲುಗಳೂ ಬೋರ್ಡಿನ ಜೊತೆಗೇ ಹೋಗುತ್ತವೆ, ಯಾಕೆಂದರೆ ಸ್ಟೋರೇಜ್ ಚಿಪ್ ಬಿಚ್ಚಿ ಬೇರೆ ಯಂತ್ರದಲ್ಲಿ ಓದುವಂತಿಲ್ಲ. ಏರ್ ಕೊಳ್ಳುವವರು ಅದೇ ದಿನ ಒಂದು ಹೊರಗಿನ ಡಿಸ್ಕ್ ಕೊಂಡು ಮ್ಯಾಕ್‌ನಲ್ಲೇ ಇರುವ ಟೈಮ್ ಮಷೀನ್‌ನಿಂದ ಬ್ಯಾಕಪ್ ಶುರು ಮಾಡಬೇಕು. ಇದನ್ನು ಮಾಡುವ ಮನಸ್ಸಿಲ್ಲದಿದ್ದರೆ ಏರ್ ಬೇಡ.

ಕೊಳ್ಳುವುದಾದರೆ 16 ಜಿಬಿ ರ‍್ಯಾಮ್ ಇರಲಿ. 2024ರ ಅಕ್ಟೋಬರ್‌ನಿಂದ ಆ್ಯಪಲ್ ಏರ್‌ನ ಆರಂಭಿಕ ಮಾದರಿಗೇ 16 ಜಿಬಿ ಕೊಡುತ್ತಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ 8 ಜಿಬಿಯ ಎಂ1 ಜಾಸ್ತಿ ಸಿಗುತ್ತದೆ. ಬರೆಯುವವರಿಗೆ, ಲೆಕ್ಕ ಬರೆಯುವವರಿಗೆ ಈಗ ಸಾಕು, ಆದರೆ ಐದು ವರ್ಷದ ಲೆಕ್ಕಕ್ಕೆ ಸಾಲದು. ಇಂಟೆಲ್ ಚಿಪ್‌ನ ಹಳೆಯ ಏರ್ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ. 2018, 2019ರ ಮಾದರಿಗಳಲ್ಲಿ ಧೂಳಿಗೆ ಸಿಕ್ಕಿಕೊಳ್ಳುವ ಬಟರ್‌ಫ್ಲೈ ಕೀಬೋರ್ಡ್ ಇತ್ತು. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಏರ್‌ಗಳಲ್ಲಿ ಓಡುವುದೇ ಇಲ್ಲ.

ಎಂ2ರಿಂದ ಈಚೆಗೆ ಮ್ಯಾಗ್‌ಸೇಫ್ ಚಾರ್ಜಿಂಗ್ ಬಂದಿದೆ. ಜಗುಲಿಯಲ್ಲಿ ಮಗುವೋ ನಾಯಿಯೋ ವೈರಿಗೆ ಸಿಕ್ಕಿದರೆ ತುದಿ ಕಳಚಿಕೊಳ್ಳುತ್ತದೆ, ಯಂತ್ರ ನೆಲಕ್ಕೆ ಬೀಳುವುದಿಲ್ಲ. ಯುಎಸ್‌ಬಿ-ಸಿ ಪೋರ್ಟುಗಳೂ ಸವೆಯದೆ ಉಳಿಯುತ್ತವೆ.

ಆಫೀಸ್ ಸಾಲಿನ ಲ್ಯಾಪ್‌ಟಾಪ್: ನೂರು ಗ್ರಾಂ ಜಾಸ್ತಿ, ಚಿಂತೆ ಕಡಿಮೆ

ಲೆನೊವೊ ಥಿಂಕ್‌ಪ್ಯಾಡ್ ಟಿ14, ಎಚ್‌ಪಿ ಎಲೈಟ್‌ಬುಕ್ 840, ಡೆಲ್ ಲ್ಯಾಟಿಟ್ಯೂಡ್ 7000 ಸಾಲು ಇವೆಲ್ಲ ಕಂಪನಿಗಳು ತಮ್ಮ ನೌಕರರಿಗೆ ಸಗಟಾಗಿ ಕೊಳ್ಳುವ ಯಂತ್ರಗಳು. ತೂಕ 1.3ರಿಂದ 1.5 ಕೆಜಿ. ನೋಡಲು ಸಪ್ಪೆ. ಮದುವೆ ಮನೆಯಲ್ಲಿ ತೋರಿಸಿಕೊಳ್ಳುವಂಥದ್ದಲ್ಲ. ನನ್ನ ಮನಸ್ಸು ಮಾತ್ರ ಇವುಗಳ ಕಡೆಗೇ.

ಕಾರಣ ಒಳಗಿದೆ. ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಬ್ಯಾಟರಿ ಸ್ಕ್ರೂ ಮೇಲೆ ಕೂತಿರುತ್ತದೆ, ಅಂಟಿನ ಮೇಲಲ್ಲ. ಎಸ್‌ಎಸ್‌ಡಿ ಬೇರೆ ಕಾರ್ಡ್. ಫ್ಯಾನ್ ಬಿಡಿಯಾಗಿ ಸಿಗುತ್ತದೆ. ಲೆನೊವೊ ತನ್ನ ಥಿಂಕ್‌ಪ್ಯಾಡ್‌ಗಳ ಬಿಚ್ಚುವ-ಜೋಡಿಸುವ ಕೈಪಿಡಿಯನ್ನು ಚಿತ್ರ ಸಮೇತ ಜಾಲತಾಣದಲ್ಲೇ ಎಲ್ಲರಿಗೂ ಇಟ್ಟಿದೆ. ಭಾಗದ ನಂಬರ್ ಹಿಡಿದು ಬ್ಯಾಟರಿ ತರಿಸಿದರೆ ಶಿರಸಿಯ ಯಾವುದೇ ಅನುಭವಸ್ಥ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತಾರೆ. ನಾಲ್ಕನೇ ಮಳೆಗಾಲದಲ್ಲಿ ಸಾಮಾನ್ಯವಾಗಿ ಸೋಲುವುದು ಬ್ಯಾಟರಿ, ಫ್ಯಾನ್, ಕೀಬೋರ್ಡ್. ಇವು ಮೂರನ್ನೂ ಊರಲ್ಲೇ ಬದಲಾಯಿಸಬಹುದು ಅಂದರೆ ಅರ್ಧ ಗೆದ್ದ ಹಾಗೆ. ಥಿಂಕ್‌ಪ್ಯಾಡ್ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದರೆ ಅದನ್ನು ಕೆಳಗಿಳಿಸಿ ಹೊರಬಿಡುವ ದಾರಿಯೂ ಇದೆ. ಅದನ್ನು ನಂಬಿ ಕುಡಿಯುತ್ತ ಕೂರಬೇಡಿ, ಆದರೂ ಇರುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಆಫೀಸ್ ಸಾಲು ಎಂದ ಮಾತ್ರಕ್ಕೆ ಎಲ್ಲವೂ ಬಿಚ್ಚಲು ಸುಲಭ ಅಲ್ಲ. 2024ರಲ್ಲಿ ಬಂದ ಟಿ14ರ ಐದನೇ ತಲೆಮಾರಿನಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ರಿಪೇರಿಯ ಸುಲಭಕ್ಕೆ, ಯಂತ್ರಗಳನ್ನು ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್ ಜಾಲತಾಣ ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತ್ತು. ಹೆಸರಿನ ಕೊನೆಯಲ್ಲಿ 'ಎಸ್' ಇರುವ ಟಿ14ಎಸ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 2012ರಿಂದ ಬರುತ್ತಿರುವ ಎಕ್ಸ್1 ಕಾರ್ಬನ್ ಕೂಡ ಹಾಗೆಯೇ. 1.1 ಕೆಜಿ ಆಸುಪಾಸಿನ ಬಲು ಚೆಂದದ ಯಂತ್ರ ಅದು, ಕೀಬೋರ್ಡ್ ಅಂತೂ ಬರೆಯುವವರ ಕೈಗೆ ಹಬ್ಬ. ಆದರೆ ಕೊಳ್ಳುವಾಗಲೇ 16 ಅಥವಾ 32 ಜಿಬಿ ತೆಗೆದುಕೊಳ್ಳದಿದ್ದರೆ ಆಮೇಲೆ ದಾರಿಯಿಲ್ಲ. ದೇವಿಮನೆ ಘಟ್ಟ ವಾರಕ್ಕೆರಡು ಸಲ ಹತ್ತಿಳಿಯುವವರಿಗೆ ಎಕ್ಸ್1, ಮನೆಯ ಮೇಜಿನಿಂದ ಜಗುಲಿಗೆ ಮಾತ್ರ ಓಡಾಡುವವರಿಗೆ ಟಿ14.

ಅಂದ ಹಾಗೆ, ತೂಕ ಹೋಲಿಸುವಾಗ ಚಾರ್ಜರನ್ನೂ ತಕ್ಕಡಿಗೆ ಹಾಕಿ. ಹಳೆಯ ಕಾಲದ 65 ವಾಟ್ ಇಟ್ಟಿಗೆ, ಅದರ ದಪ್ಪ ವೈರು ಸೇರಿದರೆ ಮುನ್ನೂರು ಗ್ರಾಂ ಸುಲಭವಾಗಿ ದಾಟುತ್ತದೆ. ಈಗಿನ ಗ್ಯಾಲಿಯಂ ನೈಟ್ರೈಡ್ ಚಾರ್ಜರ್ ಅದರ ಅರ್ಧವೂ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೂರು ಗ್ರಾಂ ಉಳಿಸಲು ಹದಿನೈದು ಸಾವಿರ ಜಾಸ್ತಿ ಕೊಟ್ಟು, ಬ್ಯಾಗಿನಲ್ಲಿ ಹಳೆ ಇಟ್ಟಿಗೆ ಹೊರುವವರನ್ನು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ನೋಡುತ್ತಲೇ ಇರುತ್ತೇನೆ.

ಒಂದು ಕೆಜಿ ಆಸುಪಾಸಿನ ಹೂವಿನಂಥವು

ಎಲ್‌ಜಿ ಗ್ರಾಂ 14 ಇಂಚಿನದು 999 ಗ್ರಾಂ, 16 ಇಂಚಿನದು 1.19 ಕೆಜಿ. ದೊಡ್ಡ ಪರದೆ ಬೇಕು, ಹೆಗಲು ನೋಯಬಾರದು ಎನ್ನುವವರಿಗೆ ಇದಕ್ಕೆ ಸಾಟಿ ಇಲ್ಲ. ಬ್ಯಾಟರಿಯೂ ದೊಡ್ಡದು, 72ರಿಂದ 80 ವಾಟ್-ಅವರ್. ಎಸ್‌ಎಸ್‌ಡಿಗೆ ಎರಡು ಸ್ಲಾಟ್ ಕೊಡುವ ಮಾದರಿಗಳಿವೆ.

ಈ ಹಗುರತನ ಬಂದದ್ದು ಮೆಗ್ನೀಸಿಯಂ ಮಿಶ್ರಲೋಹದಿಂದ. ಮೆಗ್ನೀಸಿಯಂ ಉಪ್ಪಿಗೆ ಬೇಗ ಬಲಿಯಾಗುವ ಲೋಹ. ಮೇಲಿನ ಬಣ್ಣ ಗಟ್ಟಿ ಇರುವವರೆಗೆ ತೊಂದರೆ ಇಲ್ಲ. ಮೂಲೆಯಲ್ಲಿ ಒಮ್ಮೆ ಬಣ್ಣ ಎದ್ದರೆ, ಕಡಲಬದಿಯ ಮನೆಯಲ್ಲಿ, ಬಿಳಿ ಪುಡಿಯಂಥ ತುಕ್ಕು ಅಲ್ಲಿಂದಲೇ ಶುರುವಾಗಬಹುದು. ಶಿರಸಿಯವರು ಇದಕ್ಕೆ ಅಷ್ಟು ಹೆದರಬೇಕಿಲ್ಲ. ಮುಚ್ಚಳ ತೆಳ್ಳಗೆ, ಒತ್ತಿದರೆ ಬಾಗುತ್ತದೆ. ಬಸ್ಸಿನ ಸಾಮಾನು ಜಾಗದಲ್ಲಿ ಇಡುವ ವಸ್ತುವಲ್ಲ.

ಏಸಸ್ ಝೆನ್‌ಬುಕ್ 14ರ ಓಎಲ್‌ಇಡಿ ಪರದೆ ಕಣ್ಣಿಗೆ ಹಬ್ಬ. ವರ್ಷಗಟ್ಟಲೆ ಒಂದೇ ಟಾಸ್ಕ್‌ಬಾರ್, ಒಂದೇ ಎಕ್ಸೆಲ್ ಗೆರೆ ತೋರಿಸುತ್ತ ಕೂತರೆ ಗುರುತು ಉಳಿಯುವ ಸಾಧ್ಯತೆ ಈ ಪರದೆಗಳಲ್ಲಿ ಇದ್ದೇ ಇದೆ. ಸಿನಿಮಾ, ಫೋಟೊ ಕೆಲಸದವರು ಕೊಳ್ಳಲಿ. ದಿನಕ್ಕೆ ಎಂಟು ತಾಸು ಲೆಕ್ಕದ ಪಟ್ಟಿ ನೋಡುವವರು ಸಾದಾ ಐಪಿಎಸ್ ಪರದೆಯನ್ನೇ, ಅದೂ ಮಿರುಗದ ಮ್ಯಾಟ್ ಪರದೆಯನ್ನೇ ಆರಿಸಲಿ. ಹಗಲು ಬೆಳಕಿನ ಜಗುಲಿಯಲ್ಲಿ ಕೂತು ಕೆಲಸ ಮಾಡಿದರೆ ಯಾಕೆ ಎಂದು ಗೊತ್ತಾಗುತ್ತದೆ.

ಇನ್ನು ರಬ್ಬರಿನಂತೆ ಮೆತ್ತಗಿನ ಲೇಪ ಇರುವ ಯಾವುದೇ ಕಂಪನಿಯ ಮಾದರಿಯಿಂದ ದೂರ ಇರಿ. ತೇವದ ಹವೆಯಲ್ಲಿ ಆ ಲೇಪ ಕೆಲವು ವರ್ಷಕ್ಕೆ ಅಂಟಂಟಾಗುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ.

ಹಳೆಯದನ್ನೇ ಹೊಸದಾಗಿ ಮಾಡಿದ್ದು

ಬಜೆಟ್ ನಲವತ್ತು ಸಾವಿರದೊಳಗೆ ಇದ್ದರೆ ಎರಡು ದಾರಿ. ಅಂಗಡಿಯ ಹೊಸ ಅಗ್ಗದ ತೆಳು ಲ್ಯಾಪ್‌ಟಾಪ್, ಅಥವಾ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಸಾಲಿನ ರಿಫರ್ಬಿಶ್ಡ್ ಯಂತ್ರ. ನಾನಾದರೆ ಕಣ್ಣುಮುಚ್ಚಿ ಎರಡನೆಯದಕ್ಕೆ ಹೋಗುತ್ತೇನೆ. ಅಗ್ಗದ ಹೊಸದರಲ್ಲಿ ಮೊದಲು ಸಡಿಲಾಗುವುದು ಪ್ಲಾಸ್ಟಿಕ್ಕಿಗೆ ಕೂರಿಸಿದ ಕೀಲು. ಕೀಲು ಮುರಿದರೆ ಪರದೆಯ ಚೌಕಟ್ಟೂ ಹರಿಯುತ್ತದೆ.

ಆದರೆ ವರ್ಷ ನೋಡಿ ಕೊಳ್ಳಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಏಳನೇ ತಲೆಮಾರಿನ ಯಂತ್ರಗಳನ್ನು ಈಗ ತುಂಬಾ ಕಡಿಮೆಗೆ ಮಾರುತ್ತಿರುವುದು ಇದೇ ಕಾರಣಕ್ಕೆ. ಲಿನಕ್ಸ್ ಬಳಸುವವರಿಗೆ ಅದು ಲಾಟರಿ, ಉಳಿದವರಿಗೆ ಬಲೆ.

2018ರ ಥಿಂಕ್‌ಪ್ಯಾಡ್ ಟಿ480ಗೆ ಇನ್ನೂ ಅಭಿಮಾನಿಗಳಿದ್ದಾರೆ. ಒಳಗೊಂದು, ಹೊರಗೆ ಕಳಚಬಹುದಾದ್ದೊಂದು, ಹೀಗೆ ಎರಡು ಬ್ಯಾಟರಿ. ಕರೆಂಟಿಲ್ಲದ ದಿನ ಹೊರಗಿನದನ್ನು ಬದಲಾಯಿಸುತ್ತ ಯಂತ್ರ ಆರಿಸದೆ ಕೆಲಸ ಮಾಡಬಹುದು. ತೂಕ ಮಾತ್ರ ಒಂದೂವರೆ ಕೆಜಿ ದಾಟುತ್ತದೆ, ಚಿಪ್ ಹಳತಾಯಿತು. ಹಗುರವೇ ಬೇಕಿದ್ದರೆ ಅದೇ ಕಾಲದ ಟಿ480ಎಸ್ ಇದೆ, ಅದರಲ್ಲಿ ಹೊರಗಿನ ಬ್ಯಾಟರಿ ಇಲ್ಲ. 2017ರಿಂದ 2019ರವರೆಗಿನ ಥಿಂಕ್‌ಪ್ಯಾಡ್ ಕೊಂಡರೆ ಮೊದಲ ದಿನವೇ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಯುಎಸ್‌ಬಿ-ಸಿ ಪೋರ್ಟಿನ ಒಳ ತಂತ್ರಾಂಶ) ಅಪ್‌ಡೇಟ್ ಮಾಡಿ. ಹಳೆಯ ಫರ್ಮ್‌ವೇರ್‌ನಿಂದ ಯುಎಸ್‌ಬಿ-ಸಿ ಪೋರ್ಟ್ ಕೆಲಸ ನಿಲ್ಲಿಸುವ ದೋಷ ಇತ್ತು, ಲೆನೊವೊ ಅದಕ್ಕೆ ಪರಿಹಾರ ಬಿಟ್ಟಿದೆ.

ನಿಮ್ಮ ಕೆಲಸ ಯಾವುದು?

ಇಷ್ಟು ಹೊತ್ತು ಯಂತ್ರದ ಮಾತಾಯಿತು. ಎಷ್ಟೋ ಸಲ ಆಯ್ಕೆಯನ್ನು ಕೆಲಸವೇ ಮುಗಿಸಿಬಿಡುತ್ತದೆ.

ಅಡಿಕೆ ವ್ಯಾಪಾರದ ಲೆಕ್ಕ, ಸೊಸೈಟಿಯ ಲೆಕ್ಕ ಟ್ಯಾಲಿಯಲ್ಲಿ ಬರೆಯುವವರು ವಿಂಡೋಸ್ ಬಿಟ್ಟು ಆಚೆ ನೋಡಬೇಡಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ ತಂತ್ರಾಂಶ. ಸರ್ಕಾರಿ ಕಚೇರಿಯ ಕಾಗದ, ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತ, ಮುದ್ರಣಾಲಯದ ಪುಟವಿನ್ಯಾಸ ಇರುವವರಿಗೂ ಅದೇ ಮಾತು. ಯುನಿಕೋಡ್‌ನಲ್ಲಿ ಬರೆಯುವವರಿಗೆ ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ, ಏನೂ ಹಾಕಬೇಕಿಲ್ಲ. ಗ್ರಾಮ ಒನ್ ಕೇಂದ್ರದಂಥ ಕಡೆ ಬೆರಳಚ್ಚು ಯಂತ್ರ, ಹಳೆ ಪ್ರಿಂಟರ್, ಸ್ಕ್ಯಾನರ್ ಜೋಡಿಸುವವರು ಇಂಟೆಲ್ ಅಥವಾ ಎಎಮ್‌ಡಿ ಚಿಪ್‌ನ ವಿಂಡೋಸ್ ಯಂತ್ರವನ್ನೇ ಕೊಳ್ಳಿ.

2024ರಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಬಂದಿವೆ. ಬ್ಯಾಟರಿ ಏರ್‌ನ ಹತ್ತಿರಕ್ಕೆ ಬರುತ್ತದೆ. ಆದರೆ ಅವು ಎಆರ್‌ಎಂ ಬಗೆಯವು, ಅಂದರೆ ಮೊಬೈಲ್ ಚಿಪ್‌ಗಳ ಜಾತಿಯವು. ಸಾಧನದ ಡ್ರೈವರ್ ತಂತ್ರಾಂಶ ಎಆರ್‌ಎಂಗೆಂದೇ ಬರೆದಿರದಿದ್ದರೆ ಆ ಸಾಧನ ಓಡುವುದಿಲ್ಲ. ಬರೀ ಬ್ರೌಸರ್, ಮೀಟಿಂಗ್ ಇರುವವರಿಗೆ ಸರಿ.

ಬೆಂಗಳೂರಿನ ಕಂಪನಿಗೆ ಕುಮಟೆಯ ಮನೆಯಿಂದ ಕೋಡ್ ಬರೆಯುವವರು, ಅನುವಾದ ಮಾಡುವವರು, ವಿನ್ಯಾಸ ಮಾಡುವವರಿಗೆ ಏರ್ ಮತ್ತು ಟಿ14 ಎರಡೂ ಹೊಂದುತ್ತವೆ. ಕಡಲಿಗೆ ಹತ್ತಿರ ಇದ್ದು, ಬ್ಯಾಕಪ್ ಶಿಸ್ತು ಇದ್ದರೆ ಏರ್. ಯಂತ್ರ ಕೆಟ್ಟರೆ ನಾಳೆ ಬೆಳಿಗ್ಗೆಯೇ ಕೆಲಸಕ್ಕೆ ಕೂರಬೇಕಾದವರಿಗೆ ಟಿ14.

ಸರ್ವೀಸ್ ಸೆಂಟರ್ ಎಷ್ಟು ದೂರ?

ಕಾರವಾರದಿಂದ ಹುಬ್ಬಳ್ಳಿ ಸುಮಾರು 165 ಕಿಲೋಮೀಟರ್, ಮಡಗಾಂವ್ ಸುಮಾರು 70. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100. ಕೊಳ್ಳುವ ಮೊದಲು ಆಯಾ ಕಂಪನಿಯ ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ಹತ್ತಿರದ ಅಧಿಕೃತ ಕೇಂದ್ರ ಎಲ್ಲಿದೆ ಎಂದು ನೋಡಿ. ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಆಫೀಸ್ ಸಾಲಿನ ಯಂತ್ರಗಳಿಗೆ ಸಿಗುತ್ತದೆ. ಕಾರವಾರದ 581301 ಅಥವಾ ಶಿರಸಿಯ 581401ಕ್ಕೆ ಅದು ಅನ್ವಯ ಆಗುತ್ತದಾ, ಮೆಕ್ಯಾನಿಕ್ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. 'ಮರುದಿನವೇ ಬರುತ್ತೇವೆ' ಎಂಬ ಮಾತಿಗೆ ದೊಡ್ಡ ಊರುಗಳಲ್ಲಿ ಒಂದರ್ಥ, ನಮ್ಮಲ್ಲಿ ಇನ್ನೊಂದರ್ಥ.

ಮಳೆಗಾಲದಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆದು ಉಪಯೋಗವಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಅದರ ಮುಂದೆ ಲ್ಯಾಪ್‌ಟಾಪ್ ಮಾತು ಸಣ್ಣದು. ಆದರೆ ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ ಬಿಡಿಭಾಗ ತರುವ ಕೊರಿಯರ್ ಕೂಡ ನಿಲ್ಲುತ್ತದೆ ಎಂಬುದು ಲೆಕ್ಕದಲ್ಲಿ ಇರಬೇಕು. ಅದಕ್ಕೇ ನಾನು ಮೂರು ವರ್ಷವಾದ ಯಂತ್ರದ ಬ್ಯಾಟರಿಯನ್ನು ಮೇ ಕೊನೆಯೊಳಗೆ ಪರೀಕ್ಷೆ ಮಾಡಿಸಿ ಎನ್ನುವುದು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ವ್ಯವಸ್ಥೆ ಇದೆ. ಮೂಲ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದರೆ ಎಷ್ಟು ಎಂದು ಅದು ತೋರಿಸುತ್ತದೆ. ಅರುವತ್ತು ಪರ್ಸೆಂಟಿಗೆ ಇಳಿದಿದ್ದರೆ ಮಳೆಗೆ ಮೊದಲೇ ಹೊಸದು ಹಾಕಿಸಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಕಾಯುವ ಮಾತೇ ಇಲ್ಲ, ಚಾರ್ಜ್ ಹಾಕುವುದನ್ನೇ ನಿಲ್ಲಿಸಿ.

ಮನೆಯ ಕರೆಂಟು

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದಾ? ಎರಡು ಪಿನ್ನಿನ ಚಾರ್ಜರ್, ಅಥವಾ ಅರ್ಥಿಂಗ್ ಇಲ್ಲದ ಹಳೆಯ ಮನೆ, ಇದೇ ಕಾರಣ. ಸಣ್ಣ ಸೋರಿಕೆ ಕರೆಂಟ್ ಅದು, ಸಾಮಾನ್ಯವಾಗಿ ಅಪಾಯ ಇಲ್ಲ. ಹಾಗಂತ ಬಿಟ್ಟುಬಿಡಬೇಡಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಕೂತು ಕೆಲಸ ಮಾಡುವವರು ನಾವು. ಮೂರು ಪಿನ್ನಿನ ವೈರು ಹಾಕಿ. ಆಗಲೂ ಜುಮ್ ಎಂದರೆ ಮನೆಯ ಅರ್ಥಿಂಗನ್ನೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸಿಡಿಲಿಗೂ ಅದೇ ಅರ್ಥಿಂಗ್ ಬೇಕು.

ಇನ್ವರ್ಟರ್ ಇದ್ದರೆ ಹಗುರ ಲ್ಯಾಪ್‌ಟಾಪ್ ಅದಕ್ಕೆ ಭಾರವೇ ಅಲ್ಲ. ಸಾದಾ ಕೆಲಸಕ್ಕೆ ಹತ್ತು-ಹದಿನೈದು ವಾಟ್ ಸಾಕು. ಸೈನ್ ವೇವ್ ಇನ್ವರ್ಟರ್ ಆದರೆ ಚಾರ್ಜರ್‌ಗೂ ಒಳ್ಳೆಯದು. ಇನ್ವರ್ಟರ್ ಇಲ್ಲದ ಮನೆಗೆ ನನ್ನ ಸಲಹೆ 20,000 ಎಂಎಎಚ್‌ನ, 65 ವಾಟ್ ಪಿಡಿ (ಯುಎಸ್‌ಬಿ-ಸಿ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಪವರ್ ಡೆಲಿವರಿ) ಕೊಡುವ ಪವರ್ ಬ್ಯಾಂಕ್. ಅದರಲ್ಲಿ 74 ವಾಟ್-ಅವರ್ ಇರುತ್ತದೆ, ನಷ್ಟ ಕಳೆದರೂ ಏರ್‌ನಂಥದ್ದನ್ನು ಹೆಚ್ಚು ಕಡಿಮೆ ಒಂದು ಸಲ ತುಂಬಿಸಬಹುದು. ಅದರ ಜೊತೆ ರೂಟರ್‌ಗೆ ಒಂದು 12 ವೋಲ್ಟ್ ಮಿನಿ ಯುಪಿಎಸ್. ಲ್ಯಾಪ್‌ಟಾಪ್ ಓಡುತ್ತ ಇಂಟರ್ನೆಟ್ ಸತ್ತರೆ ಏನು ಬಂತು?

ಯಾವ ಕಂಪನಿಯದಾದರೂ ಚಾರ್ಜ್ 80ಕ್ಕೆ ನಿಲ್ಲಿಸುವ ಸೌಲಭ್ಯ ಹುಡುಕಿ ಆನ್ ಮಾಡಿ. ಲೆನೊವೊ, ಏಸಸ್, ಡೆಲ್, ಎಚ್‌ಪಿ ಎಲ್ಲದರಲ್ಲೂ ಬೇರೆ ಬೇರೆ ಹೆಸರಲ್ಲಿ ಇದೆ. ಮೋಡ ಕಟ್ಟಿದ ದಿನ ಮಾತ್ರ 100ಕ್ಕೆ ಬಿಡಿ. ಮಳೆಯಲ್ಲಿ ನೆನೆದ ಬ್ಯಾಗಿನಿಂದ ತೆಗೆದ ಯಂತ್ರಕ್ಕೆ ಕೂಡಲೇ ಚಾರ್ಜರ್ ಚುಚ್ಚಬೇಡಿ. ಒದ್ದೆ ಪೋರ್ಟಿಗೆ ಕರೆಂಟ್ ಹಾಯ್ದರೆ ಪಿನ್ ಬೇಗ ತಿಂದುಹೋಗುತ್ತದೆ. ಎಸಿ ಬಸ್ಸಿನಿಂದ ಇಳಿದ ಮೇಲೂ ಅಷ್ಟೇ, ತಣ್ಣಗಿನ ಲೋಹದ ಮೇಲೆ ನಮ್ಮ ಹವೆಯ ತೇವ ಹನಿಗಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ.

ಹಳೆಯದನ್ನು ಕೊಳ್ಳುವಾಗ ದುಡ್ಡು ಕೊಡುವ ಮುಂಚೆ

ಆಫ್ ಮಾಡಿ, ಮತ್ತೆ ಆನ್ ಮಾಡಿ, ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಹಿಂದಿನ ಕಂಪನಿಯ ಬೀಗ ಅದು, ತೆಗೆಸುವುದು ತಲೆನೋವು. ಮ್ಯಾಕ್ ಆದರೆ ಮಾರುವವರ ಐಕ್ಲೌಡ್ ಖಾತೆ ತೆಗೆಸಿ, ಎಲ್ಲ ಅಳಿಸಿ, ನಿಮ್ಮ ಎದುರೇ ಹೊಸದಾಗಿ ಶುರು ಮಾಡಿಸಿ. ಆಗ ಯಾವುದಾದರೂ ಸಂಸ್ಥೆಯ ಹೆಸರು ಪರದೆಯ ಮೇಲೆ ಬಂದರೆ ಅದನ್ನೂ ಮುಟ್ಟಬೇಡಿ.

ಯುಎಸ್‌ಬಿ-ಸಿ ಪೋರ್ಟಿನೊಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಆ ಯಂತ್ರ ಕಡಲಬದಿಯಲ್ಲಿ ಬಾಳಿದ್ದು, ಅಥವಾ ನೀರು ಕಂಡದ್ದು. ಕೆಳಗಿನ ಸ್ಕ್ರೂಗಳ ತಲೆ ತುಕ್ಕು ಹಿಡಿದಿದ್ದರೂ ಅದೇ ಅರ್ಥ. ಎಲ್ಲ ಪೋರ್ಟಿಗೂ ಚಾರ್ಜರ್ ಹಾಕಿ ನೋಡಿ, ಒಂದರಲ್ಲಿ ಆದರೆ ಸಾಲದು. ಪರದೆಯನ್ನು ಒಂದೇ ಕೈಯಲ್ಲಿ ನಿಧಾನಕ್ಕೆ ತೆರೆಯಿರಿ, ಕೀಲಿನ ಹತ್ತಿರ ಚಟಪಟ ಸದ್ದು ಬಂದರೆ ಬೆಲೆ ಇಳಿಸಿ ಅಥವಾ ಎದ್ದು ಬನ್ನಿ. ಬ್ಯಾಟರಿ ರಿಪೋರ್ಟ್ ಅಲ್ಲೇ ತೆಗೆಸಿ. 'ಬ್ಯಾಟರಿ ಹೊಸದು ಹಾಕಿದ್ದೇವೆ' ಎಂದರೆ ಯಾವ ಕಂಪನಿಯದು ಎಂದು ಕೇಳಿ. ಮೂಲ ಕಂಪನಿಯದಲ್ಲದಿದ್ದರೆ ಮೂಲ ಬ್ಯಾಟರಿಯ ಬೆಲೆಯನ್ನು ಮಾತಾದ ಬೆಲೆಯಿಂದ ಕಳೆಯಿರಿ.

ಕೊಂಡು ಮನೆಗೆ ತಂದ ಮೇಲೆ ವಿಂಡೋಸ್ ಯಂತ್ರವಾದರೆ ಬಿಟ್‌ಲಾಕರ್ ರಿಕವರಿ ಕೀಯನ್ನು ಒಂದು ಕಾಗದದಲ್ಲಿ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ. ಈಗಿನ ವಿಂಡೋಸ್ ಎಷ್ಟೋ ಸಲ ಕೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ. ಬೋರ್ಡ್ ಕೆಟ್ಟ ದಿನ ಎಸ್‌ಎಸ್‌ಡಿ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಮೊದಲು ಕೇಳುವುದು ಆ 48 ಅಂಕಿಗಳನ್ನೇ.